ಕೂಟ ಕಟ್ಟುವ ಕೈಪಿಡಿ (1830ರ ಮಾದರಿ)

ಅಭಿನಂದನೆಗಳು. ನಿಮ್ಮ ಸೀಮೆಗೆ ಹೊಸ ಫೌಜುದಾರರು ಬಂದಿದ್ದಾರೆ, ಹಳೆಯ ಲೆಕ್ಕ ಕೆದಕುತ್ತಿದ್ದಾರೆ, ಮಾಫಿಯಾಯಿತೆಂದು ನೀವು ಮರೆತೇಬಿಟ್ಟಿದ್ದ ಬಾಕಿಯನ್ನೂ ಕೇಳುತ್ತಿದ್ದಾರೆ. ಅಂದಮೇಲೆ ನೀವು ಮೈಸೂರು ಸಂಸ್ಥಾನದ ನಗರವೆಂಬ ಸೀಮೆಯ, ಅಂದರೆ ನಗರ ಫೌಜುದಾರಿಯ ರೈತರು, ಬಂದವರು ವೀರರಾಜೇ ಅರಸು. ಮುಂದೆ ಓದಿ.

ಮೊದಲು ಬೇಕಾದ್ದು ಸಿಟ್ಟು. ಅದನ್ನು ಹೊರಗಿನಿಂದ ತರಬೇಕಿಲ್ಲ, ಶರ್ತಿ ಪದ್ಧತಿಯೇ ಒದಗಿಸುತ್ತದೆ. ಇಷ್ಟು ಹಣ ಎತ್ತಿಯೇ ಎತ್ತುತ್ತೇನೆಂದು ಅಮಲ್ದಾರ ಮೈಸೂರಿಗೆ ಮುಚ್ಚಳಿಕೆ ಬರೆದುಕೊಟ್ಟಿರುತ್ತಾನೆ. ಕಡಿಮೆ ಬಿದ್ದರೆ ಅವನೇ ತುಂಬಿಕೊಡಬೇಕು. ಅವನು ಎಲ್ಲಿಂದ ತುಂಬುತ್ತಾನೆಂದು ನಿಮಗೆ ಹೇಳಿಕೊಡಬೇಕೆ? ಮೈಸೂರಿಗೂ ಅವಸರವೇ, ವರ್ಷಕ್ಕೆ 7 ಲಕ್ಷ ವರಹ ಈಸ್ಟ್ ಇಂಡಿಯಾ ಕಂಪನಿಗೆ ಕಟ್ಟಬೇಕಲ್ಲ.

ಎರಡನೆಯದು ಕಾಗದ. ಭದ್ರಾವತಿಯಲ್ಲಿ ಕಾಗದನಗರ ಏಳಿಸುವ ಕಂಪನಿ ಹುಟ್ಟುವುದು 1936ಕ್ಕೆ, ಅಲ್ಲಿಯವರೆಗೆ ಸಿಕ್ಕಿದ್ದರಲ್ಲೇ ಸುಧಾರಿಸಿಕೊಳ್ಳಿ. ಬರೆಯಬೇಕಾದ್ದು ಎರಡೇ ಮಾತು: ಜಮಾಬಂದಿಗೆ (ಕಂದಾಯದ ಲೆಕ್ಕ ಗೊತ್ತುಮಾಡುವಲ್ಲಿಗೆ) ಹೋಗಬೇಡಿ, ಕೂಟಕ್ಕೆ (ರೈತರ ಸಭೆಗೆ) ಬನ್ನಿ. ಕೆಳಗೆ ಹೆಸರು ಹಾಕಬೇಡಿ. ಕಾಗದವನ್ನು ಪಟೇಲನ ಕೈಗೆ ಕೊಡಿ. ಅವನು ಓದಿಸಲು ಶಾನುಭೋಗರ ಜಗಲಿಗೆ ಒಯ್ಯುತ್ತಾನೆ. ಶಾನುಭೋಗರು ಓದಿ, ಓದದವರಂತೆ ಮಡಚಿ, ‘ಇದನ್ನು ಯಾರಿಗೂ ಹೇಳಬೇಡಯ್ಯ’ ಎನ್ನುತ್ತಾರೆ. ಸಂಜೆಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಬಸವಾಪಟ್ಟಣದಲ್ಲಿ 1830ರ ಆಗಸ್ಟಿನಲ್ಲಿ ರೈತರು ಕೂಡಿದರು. ಆ ಸುಮಾರಿಗೆ ಘಟ್ಟದ ಕೆಳಗೆ ಕನ್ನಡ (ಕೆನರಾ) ಜಿಲ್ಲೆಯಲ್ಲೂ ಕೂಟಗಳೆದ್ದವು.

ಮೂರನೆಯದು ಒಬ್ಬ ರಾಜ. ಅಸಲಿಯೇ ಆಗಬೇಕೆಂಬ ನಿಯಮವಿಲ್ಲ. ನಗರದ ರಾಜ ತಾನೇ ಎಂದು ಹೇಳಿಕೊಂಡ ಬೂದಿ ಬಸವಪ್ಪನ ಹತ್ತಿರ, ಹಿಂದೆ ಅಲ್ಲಿ ಆಳಿದ್ದ ಕೆಳದಿ ಮನೆತನದ ಮುದ್ರೆಯಿತ್ತು, ಜಂಗಮರೊಬ್ಬರಿಂದ ಬಂದದ್ದಂತೆ. ಮುದ್ರೆಯಿದ್ದರೆ ಕೌಲು, ಅಂದರೆ ಭರವಸೆಯ ಪತ್ರ, ಕೊಡಬಹುದು. ಅವನು ಕೊಟ್ಟ ಕೌಲು ನೋಡಿ: ಹಳೆ ಬಾಕಿ ಪೂರ್ತಿ ಮಾಫಿ, ಕಂದಾಯ ಒಂದು ವರಹವಿದ್ದಲ್ಲಿ ಒಂದೇ ರೂಪಾಯಿ. ವರಹವೆಂದರೆ ಹೆಚ್ಚುಕಡಿಮೆ ಮೂರು ರೂಪಾಯಿ. ಇಷ್ಟು ಧಾರಾಳವಾದ ಚುನಾವಣಾ ಪ್ರಣಾಳಿಕೆಯನ್ನು ನಾನಂತೂ ಕಂಡಿಲ್ಲ.

ಕೈಪಿಡಿಯ ಒಳಗುಟ್ಟು ಇನ್ನು ಮುಂದಿದೆ. ಕಂದಾಯದ ಅಧಿಕಾರಿಯ ವಿರುದ್ಧ ಕೂಟ ಕಟ್ಟಲು ಎಲ್ಲರಿಗಿಂತ ಪಳಗಿದವನು ಕುರ್ಚಿ ಕಳೆದುಕೊಂಡ ಕಂದಾಯದ ಅಧಿಕಾರಿ. ಹಿಂದಿನ ಫೌಜುದಾರ ರಾಮರಾಯರ ಬಣದವರು ನಗರದ ಕಚೇರಿಗಳಲ್ಲಿ ಬಹಳ ಕಾಲ ಬೇರು ಬಿಟ್ಟಿದ್ದರು. ವೀರರಾಜೇ ಅರಸು ಕೆದಕಿದ್ದು ಅವರ ಕಾಲದ ಲೆಕ್ಕವನ್ನೇ. ರೈತರ ಸಿಟ್ಟಿಗೆ ಮರೆಯಿಂದ ಗಾಳಿ ಹಾಕಿದವರು ಇವರೇ ಎಂಬ ಆರೋಪ ಗಟ್ಟಿಯಾಗಿಯೇ ಉಳಿದಿದೆ. ರೈತನ ಕಷ್ಟ ಸುಳ್ಳಲ್ಲ. ಆದರೆ ಗುಟ್ಟಿನ ಸಭೆಯಲ್ಲಿ ಪಕ್ಕದಲ್ಲಿ ಕೂತವನು ಹೋದ ವರ್ಷ ನಿಮ್ಮ ಮನೆಗೆ ವಸೂಲಿಗೆ ಬಂದವನೇ ಇರಬಹುದು. ಮುಖ ನೋಡಿಕೊಂಡು ಕೂರಿ.

ಎಚ್ಚರಿಕೆ: ಬಯಲಲ್ಲಿ ಕೂಡಿದ ಮೇಲೆ ಗುಟ್ಟು ಕಾಯುವುದಿಲ್ಲ. 1830ರ ಡಿಸೆಂಬರಿನಲ್ಲಿ, ಇಂದಿನ ಭದ್ರಾವತಿ ತಾಲ್ಲೂಕಿನ ಹೊಳೆಹೊನ್ನೂರಿನಲ್ಲಿ ಕೂಡಿದ್ದ ರೈತರ ಮೇಲೆ ಸರ್ಕಾರದ ದಂಡು ಬಿತ್ತು. ಸತ್ತವರು ರೈತರು. ಕಾಗದ ಬರೆಸಿದವರು ಅಲ್ಲಿದ್ದರೋ ಇಲ್ಲವೋ, ಯಾರು ಕಂಡರು?

ಖಾತರಿ: ಇಲ್ಲ. 1831ರ ಜೂನಿನಲ್ಲಿ ಕಂಪನಿಯ ಪಡೆ ನಗರವನ್ನು ಹಿಡಿಯಿತು. ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನೇ ತೆಗೆದುಕೊಂಡಿತು, ತಿರುಗಿ ಕೊಟ್ಟದ್ದು 1881ಕ್ಕೆ. ದೂರುಗಳಿದ್ದರೆ ದಂಗೆಯ ತನಿಖೆಗೆ ಕೂತ ನಾಲ್ವರು ದೊರೆಗಳ ಸಮಿತಿಗೆ ಬರೆಯಿರಿ. ಅವರಲ್ಲೊಬ್ಬರು ಮಾರ್ಕ್ ಕಬ್ಬನ್. ಮುಂದೆ ಕಮಿಷನರಾಗಿ ಆಡಳಿತ ನಡೆಸಿದವರೂ ಅವರೇ, ಆದ್ದರಿಂದ 1834ರಿಂದ 1861ರವರೆಗೆ ಕಂದಾಯವನ್ನೂ ಅವರ ಕಚೇರಿಗೇ ಕಟ್ಟತಕ್ಕದ್ದು.