ಪರ್ಸ್‌ಪೆಕ್ಟಿವ್ ಪ್ಲಾನ್ ಮತ್ತು ನಮ್ಮತ್ತೆ

ನ್ಯಾಕ್ ಕೆಲಸ ಮಾಡಿದವರನ್ನು ಗುರುತು ಹಿಡಿಯುವುದು ಸುಲಭ. ಮದುವೆಮನೆಯಲ್ಲಿ ಎಲೆ ಮುಂದೆ ಕೂತರೂ ಮೊದಲು ಫೋಟೋ ತೆಗೆಯುತ್ತಾರೆ, ಜಿಯೋಟ್ಯಾಗ್ ಹಾಕಿ. ಊಟ ಆಯಿತು ಅನ್ನುವುದಕ್ಕೆ ಪುರಾವೆ ಬೇಡವೆ?

ನಾನು ಒಂದು ಪದವಿ ಕಾಲೇಜಿನ ಲೈಬ್ರೆರಿಯನ್. ಕಾಲೇಜುಗಳಿಗೆ ಗ್ರೇಡು ಕೊಡಲೆಂದು 1994ರಲ್ಲಿ ಹುಟ್ಟಿದ ನ್ಯಾಕ್‌ನ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಅದರ ಏಳು ಮಾನದಂಡಗಳಲ್ಲಿ ಎರಡನೆಯದು ಪಾಠಪ್ರವಚನದ್ದು, ನಾಲ್ಕನೆಯದರೊಳಗೆ ಲೈಬ್ರರಿ ಬರುತ್ತದೆ, ಏಳನೆಯದರಲ್ಲಿ ಕಸ, ಮಳೆನೀರು, ಗಿಡಮರ. ನಡುವೆ ಆರನೆಯದು ಕೇಳುತ್ತದೆ: ನಿಮ್ಮ ಹತ್ತಿರ ಪ್ಲಾನ್ ಇದೆಯೋ? ಇದ್ದರೆ ಅದರಂತೆ ನಡೆದಿದ್ದೀರೋ? ಈ ‘ಪರ್ಸ್‌ಪೆಕ್ಟಿವ್ ಪ್ಲಾನ್’ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ‘ಮೇಡಂ ಲೈಬ್ರರೀಲಿ ಸುಮ್ನೆ ಕೂತಿರ್ತಾರೆ’ ಎಂಬುದು ಸ್ಟಾಫ್‌ರೂಮಿನ ಅಚಲ ನಂಬಿಕೆ. ಬರೆದೆ. ವಿಷನ್, ಮಿಷನ್, ಸ್ವಾಟ್ ಅನಾಲಿಸಿಸ್ ಎಂದು ಬರೆಯುತ್ತ ಬರೆಯುತ್ತ ಅದು ನೆತ್ತಿಗೇರಿತು. ಇಡೀ ಕಾಲೇಜನ್ನು ಹಾಳೆಯ ಮೇಲೆ ಉದ್ಧಾರ ಮಾಡಿದವಳಿಗೆ ಎರಡು ಕೋಣೆ, ಒಂದು ಹಜಾರದ ಮನೆ ಯಾವ ಲೆಕ್ಕ?

ನಾವಿರುವುದು ಮೈಸೂರಿನಲ್ಲಿ. ಯೋಜನೆ ಅನ್ನುವುದು ಈ ಊರಿನ ನೀರಲ್ಲೇ ಇದೆ ಎಂದು ಇವರ ಮುಂದೆ ಭಾಷಣ ಬಿಗಿದೆ. ದೇಶದ ಮೊದಲ ಪಂಚವಾರ್ಷಿಕ ಯೋಜನೆ ಬಂದದ್ದು 1951ರಲ್ಲಿ. ನಮ್ಮ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದದ್ದು 1934ರಲ್ಲಿ!

“ಅವರು ಮೊದಲು ಕಟ್ಟೆ ಕಟ್ಟಿದ್ರು, ಪುಸ್ತಕ ಬರೆದಿದ್ದು ಆಮೇಲೆ” ಎಂದರು ಇವರು, ಪೇಪರಿನಿಂದ ತಲೆ ಎತ್ತದೆ.

ಇಂಥವರನ್ನು ‘ಸ್ಟೇಕ್‌ಹೋಲ್ಡರ್’ ಪಟ್ಟಿಯಲ್ಲಿ ಕೊನೆಗೆ ಹಾಕಿ, ಮನೆಯ ಪುಸ್ತಕಗಳಿಂದ ಶುರು ಮಾಡಿದೆ. ಡ್ಯೂಯಿ ಪದ್ಧತಿಯ ಪ್ರಕಾರ ನಂಬರು ಕೊಟ್ಟು ಬೆನ್ನಿಗೆ ಚೀಟಿ ಅಂಟಿಸಿದೆ. ಅಕ್ಸೆಶನ್ ರಿಜಿಸ್ಟರ್ ತೆರೆದೆ. ಕನ್ನಡ ಕಾದಂಬರಿಗಳು 894.814ರ ಅಡಿಯಲ್ಲಿ ತೆಪ್ಪಗೆ ಕೂತವು, ಅಡುಗೆ ಪುಸ್ತಕ 641.5ಕ್ಕೆ ಹೋಯಿತು. ಸತಾಯಿಸಿದ್ದು ಒಂಟಿಕೊಪ್ಪಲ್ ಪಂಚಾಂಗ. ಕಾಲಗಣನೆ ಎಂದು 529ಕ್ಕೆ ಹಾಕಬೇಕೋ, ಜ್ಯೋತಿಷ್ಯ ಎಂದು 133.5ಕ್ಕೋ? ಸಂಜೆಯೆಲ್ಲ ಅದರಲ್ಲೇ ಕಳೆಯಿತು. ರಾತ್ರಿ ಚಿತ್ರಾನ್ನದಲ್ಲಿ ಮುಗಿಸಿದೆ. ಕೊನೆಗೆ 529 ಎಂದು ಚೀಟಿ ಹಚ್ಚಿ ಮೇಲಿನ ಅರೆಗೆ ಏರಿಸಿದೆ.

ಬೆಳಿಗ್ಗೆ ಎದ್ದು ನೋಡಿದರೆ ಪಂಚಾಂಗ ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ದಾರದಲ್ಲಿ ನೇತಾಡುತ್ತಿದೆ, ಒಗ್ಗರಣೆ ಎಣ್ಣೆಯ ಕಲೆಗಳ ಸಮೇತ.

“ಅತ್ತೆ, ಅದರ ಜಾಗ ಅಲ್ಲಲ್ಲ.”

“ಏಕಾದಶಿ ಯಾವತ್ತು ಅಂತ ನೋಡೋಕೆ ನಾನು ಸ್ಟೂಲ್ ಹತ್ತಬೇಕೇನೇ?”

ನಮ್ಮ ಕಸುಬಿನ ಗುರುಗಳಾದ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದರು. ನಾಲ್ಕನೆಯದು, ಓದುಗರ ಸಮಯ ಉಳಿಸಿ. ಅದನ್ನು ನಾನು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದವಳು; ಅತ್ತೆ ಒಂದು ಮೊಳೆಯಲ್ಲಿ ಮುಗಿಸಿದ್ದರು. ಮೊದಲ ಸೂತ್ರ, ಪುಸ್ತಕ ಇರುವುದು ಬಳಕೆಗೆ. ಅದೂ ನಮ್ಮಲ್ಲಿ ಜಾರಿಯಾಗಿದೆ. ಮೊಳಕೆ ಕಟ್ಟಿದ ಹುರುಳಿಕಾಳಿನ ಗಂಟಿನ ಮೇಲೆ ಭಾರಕ್ಕೆಂದು ಇಟ್ಟಿದ್ದ ದಪ್ಪ ಪುಸ್ತಕ ನನ್ನ ಎಂ.ಲಿಬ್. ಪಠ್ಯ. ನನ್ನ ಪರೀಕ್ಷೆ ಮುಗಿದ ಮೇಲೆ ಅದು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಐದನೆಯ ಸೂತ್ರದ ಪ್ರಕಾರ ಗ್ರಂಥಾಲಯ ಬೆಳೆಯುವ ಜೀವಿ; ನಮ್ಮ ಮನೆಯಲ್ಲಿ ಬೆಳೆದದ್ದು ಗೆದ್ದಲು, ಆ ಮಾತು ಬೇಡ.

ಮನೆಯ ಪ್ಲಾನಿನಲ್ಲಿ ಶಿಕ್ಷಣ ವಿಭಾಗ ಬೇಗ ಮುಗಿಯಿತು. ಎಸ್‌ಎಸ್‌ಎಲ್‌ಸಿ ಓದುವ ಮಗನಿಗೆ ನಾಲ್ಕು ಚೌಕದ ಹಾಳೆ ಕೊಟ್ಟು ನಿನ್ನ ಸ್ವಾಟ್ ನೀನೇ ಬರಿ ಅಂದೆ. ಬಲ: ಅಜ್ಜಿ. ಅವಕಾಶ: ಅಮ್ಮನ ಕಾಲೇಜಿಗೆ ನ್ಯಾಕ್‌ನ ಪೀರ್ ಟೀಮ್ ಬರುವ ವಾರ. ಅಪಾಯ: ಅಮ್ಮನ ವರ್ಕ್‌ಶಾಪ್‌ಗಳು. ದೌರ್ಬಲ್ಯದ ಚೌಕ ಖಾಲಿ. ಯಾಕೋ ಅಂದರೆ, “ಬರೀಬೇಡ, ದೃಷ್ಟಿಯಾಗತ್ತೆ ಅಂತ ಅಜ್ಜಿ ಹೇಳಿದ್ರು.” ಲೆಕ್ಕದಲ್ಲಿ ಅವನಿಗೆ ಬಂದ ಅಂಕಕ್ಕೆ ಯಾರ ದೃಷ್ಟಿಯೂ ತಾಗುವಂತಿಲ್ಲ. ಹಾಗಂತ ಹೇಳಲಿಲ್ಲ, ಅತ್ತೆ ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದರು.

ಉಳಿದದ್ದು ಪರಿಸರ ನಿರ್ವಹಣೆ. ಇಡೀ ಊರಿನ ಕಸಕ್ಕೆ ಮಾದರಿಯಾಗಿ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕ ಇದೆ, ನಮ್ಮ ಮನೆಯ ಕಸಕ್ಕೆ ನಾನಿದ್ದೇನೆ ಎಂದುಕೊಂಡೆ. ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು 2016ರ ನಿಯಮ ಹೇಳಿದಂತೆ ಬುಟ್ಟಿಗಳು ಬಂದವು, ಹಿತ್ತಲಿಗೆ ಒಂದು ಡ್ರಮ್ ಬಂತು. ಒಳ್ಳೆ ಗೊಬ್ಬರಕ್ಕೆ ಒಂದು ಭಾಗ ಸಾರಜನಕಕ್ಕೆ ಸುಮಾರು ಮೂವತ್ತು ಭಾಗ ಇಂಗಾಲ ಬೇಕು. ತರಕಾರಿ ಸಿಪ್ಪೆಯಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ. ಹಾಗಾಗಿ ಬೀನ್ಸಿನ ನಾರು, ಬಾಳೆಸಿಪ್ಪೆಯನ್ನೆಲ್ಲ ತೂಗಿ ಎಕ್ಸೆಲ್‌ಗೆ ಏರಿಸಿದೆ. ಒಣ ಎಲೆಯ ಕಾಲಂನಲ್ಲಿ ‘ಎದುರುಮನೆ ಹೊಂಗೆಮರ, ಎಂಒಯು ಬಾಕಿ’ ಎಂದು ಬರೆದೆ. ಎದುರುಮನೆಯವರು ಮಗಳ ಬಾಣಂತನಕ್ಕೆ ಹೋಗಿದ್ದರು.

ಎಂಒಯು ಬಾಕಿಯೇ ಉಳಿಯಿತು, ಸಿಪ್ಪೆ ಮಾತ್ರ ದಿನವೂ ಬಿತ್ತು. ಒಣಪದಾರ್ಥವಿಲ್ಲದೆ, ಗಾಳಿಯಾಡದೆ ಅದು ಕೊಳೆತು, ಡ್ರಮ್ಮಿನ ಬುಡದಿಂದ ಕಂದು ನೀರು ಇಳಿಯತೊಡಗಿತು. ಮುಚ್ಚಳ ತೆಗೆದರೆ ಬಿಳಿ ಹುಳು ಮಿಜಿಗುಡುತ್ತಿದ್ದವು. ಪಕ್ಕದ ಮನೆಯ ಮೇಷ್ಟ್ರು ಬಂದು, “ಏನಮ್ಮಾ, ಮನೇಲಿ ಎಲ್ಲರೂ ಆರೋಗ್ಯ ತಾನೆ?” ಎಂದು ವಿಚಾರಿಸಿದರು. ನಾನು ಅವರಿಗೆ ಆಕ್ಷನ್ ಟೇಕನ್ ರಿಪೋರ್ಟ್ ಕೊಡುವ ಯೋಚನೆಯಲ್ಲಿದ್ದೆ.

ಅಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಡ್ರಮ್ ಬೋರಲು ಹಾಕಿಸಿದ್ದರು. ಮೊಮ್ಮಗನ ಕೈಯಲ್ಲಿ ರಸ್ತೆಗೆ ಬಿದ್ದ ಹೊಂಗೆ ಎಲೆಯನ್ನೆಲ್ಲ ಗುಡಿಸಿ ತರಿಸಿದರು. ಒಂದು ಪದರ ಕಸ, ಒಂದು ಪದರ ಎಲೆ, ಮೇಲೆ ಒಂದು ಹಿಡಿ ಮಣ್ಣು, ಒಂದು ಲೋಟ ಹುಳಿ ಮಜ್ಜಿಗೆ. ತೂಕ ಇಲ್ಲ, ಎಕ್ಸೆಲ್ ಇಲ್ಲ. ಆಮೇಲೆ ಮೂರು ದಿನಕ್ಕೊಮ್ಮೆ ಕೋಲಿನಲ್ಲಿ ಕೆದಕಿದರು. ವಾಸನೆ ಅಡಗಿತು. ಕರಿಬೇವಿನ ಗಿಡದ ಬುಡಕ್ಕೆ ಅತ್ತೆ ಯಾವತ್ತಿನಿಂದಲೂ ಹೀಗೇ ಹಾಕುತ್ತಿದ್ದರಂತೆ. ಆ ಗಿಡದ ಪಕ್ಕದಲ್ಲೇ ಡ್ರಮ್ ಇಡಿಸಿದವಳು ನಾನು.

ಸುಮ್ಮನಿರಲಾದೀತೆ? ಏಳನೆಯ ಮಾನದಂಡಕ್ಕೆ ‘ಬೆಸ್ಟ್ ಪ್ರಾಕ್ಟೀಸ್’ ಎರಡು ಬೇಕು, ಕಾಲೇಜಿನಲ್ಲಿ ಒಂದಕ್ಕೇ ತತ್ವಾರ. ಇದನ್ನೇ ಕ್ಯಾಂಪಸ್ಸಿನಲ್ಲಿ ಶುರು ಮಾಡೋಣವೆಂದು, ಅತ್ತೆ ಕೋಲು ಹಿಡಿದು ನಿಂತ ಫೋಟೋ ಅಕ್ಷಾಂಶ ರೇಖಾಂಶದ ಸಮೇತ ತೆಗೆದು, ನಿಗದಿತ ನಮೂನೆ ಬಿಚ್ಚಿ ಅವರೆದುರು ಕೂತೆ.

“ಉದ್ದೇಶ ಏನು ಹೇಳಿ ಅತ್ತೆ.”

“ನಾರಬಾರದು.”

“ಸಂದರ್ಭ?”

“ನಾರ್ತಿತ್ತು.”

“ಯಶಸ್ಸಿಗೆ ಪುರಾವೆ?”

“ಮೇಷ್ಟ್ರು ಈಗ ಬರಲ್ಲ.”

ಇಷ್ಟು ಅಚ್ಚುಕಟ್ಟಾದ ವರದಿ ನಮ್ಮ ಕಾಲೇಜಿನಿಂದ ಹೋದದ್ದೇ ಇಲ್ಲ. ಕೊನೆಯ ಅಂಕಣಕ್ಕೆ ಬಂದೆ.

“ಎದುರಾದ ತೊಂದರೆಗಳು?”

ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಅಲ್ಲಿ ಹೆಸರು ಬರೀಬಹುದೇನೇ?”