ಮಹಾವಿಷ್ಣುವಿನ ಗಲಾಟೆ

ಅರವತ್ತು ದಾಟಿದ ಗಂಡಸಿಗೆ ಹೊಸ ಹುಚ್ಚು ಹಿಡಿದರೆ ಮನೆಯವರು ಹೇಗೋ ಸಹಿಸಿಕೊಳ್ಳುತ್ತಾರೆ. ಹಳೇ ಹುಚ್ಚು ಮರುಕಳಿಸಿದರೆ ಮಾತ್ರ ಕಷ್ಟ. ನನ್ನದು ಜಾಝ್ ಫ್ಯೂಷನ್.

ಕಾಲೇಜಿನಲ್ಲಿದ್ದಾಗ ನಮ್ಮ ಪಾಲಿಗೆ ಮಹಾವಿಷ್ಣು ಅಂದರೆ ಮಹಾವಿಷ್ಣು ಆರ್ಕೆಸ್ಟ್ರಾ. ಅದರ ನಾಯಕ, ಯಾರ್ಕ್‌ಷೈರಿನಲ್ಲಿ ಹುಟ್ಟಿದ ಜಾನ್ ಮೆಕ್‌ಲಾಫ್ಲಿನ್‌ಗೆ ಆ ಹೆಸರಿಟ್ಟವರು ಗುರು ಶ್ರೀ ಚಿನ್ಮೊಯ್. ಬಿಳಿ ಬಟ್ಟೆ ತೊಟ್ಟು, ಎರಡು ಕತ್ತಿನ ಗಿಟಾರ್ ನೇತುಹಾಕಿಕೊಂಡು ನಿಂತ ಅವನ ಫೋಟೋಕ್ಕೆ ನಾವು ಊದುಬತ್ತಿ ಹಚ್ಚುವುದೊಂದು ಬಾಕಿ. ಆಗ ನಮಗೆ ಬೇಕಾಗಿದ್ದದ್ದು ಸ್ಪೀಡು. ಬಿಲ್ಲಿ ಕೋಬ್ಹಮ್ ಡ್ರಮ್ಸ್ ಬಡಿಯುತ್ತಿದ್ದರೆ ತಲೆ ಅಲ್ಲಾಡಿಸುತ್ತಿದ್ದೆವೇ ಹೊರತು, ಎಣಿಸುವ ತಾಳ್ಮೆ ಯಾರಿಗಿತ್ತು?

ಮೊನ್ನೆ ಮಗಳು ಫೋನಿಗೆ ಯಾವುದೋ ಆ್ಯಪ್ ಹಾಕಿಕೊಟ್ಟಳು. ಅದೇ ಆರ್ಕೆಸ್ಟ್ರಾದ 1973ರ 'ಬರ್ಡ್ಸ್ ಆಫ್ ಫೈರ್' ಹುಡುಕಿ ಒತ್ತಿದೆ. ಶುರುವಿಗೇ ಜಾಗಟೆ.

"ರೀ, ಯಾರ ಮನೇಲಿ ಮಂಗಳಾರತಿ?" ಅಡುಗೆಮನೆಯಿಂದ ಪ್ರಶ್ನೆ ಬಂತು.

ಆಮೇಲೆ ಗಿಟಾರ್ ಬಂತು, ಪಿಟೀಲು ಬಂತು, ಮಂಗಳಾರತಿಯ ಭ್ರಮೆ ಹರಿಯಿತು. ಸೌಟು ಹಿಡಿದೇ ಹೊರಗೆ ಬಂದ ಇವಳು ಬೈಯುವ ಬದಲು ಬೆರಳು ಮಡಿಚತೊಡಗಿದಳು. ವೀಣೆ ಕಲಿತವಳು ನೋಡಿ. "ಹದಿನೆಂಟು. ಒಂಬತ್ತರ ಎರಡು ಸಂಕೀರ್ಣ, ಅಷ್ಟೇ ತಾನೆ? ಅದಕ್ಕೆ ಇಷ್ಟೊಂದು ರಂಪಾಟವೇ?" ಅಂದವಳೇ ಒಳಗೆ ಹೋದಳು. ಪಾಶ್ಚಾತ್ಯ ವಿಮರ್ಶಕರು ಪುಟಗಟ್ಟಲೆ ಬರೆದ ಲೆಕ್ಕ ಹುಳಿ ಕುದಿಯುವಷ್ಟರಲ್ಲಿ ಬಗೆಹರಿಯಿತು!

ನಾನೂ ಬಿಡಲಿಲ್ಲ. ವೆದರ್ ರಿಪೋರ್ಟ್ ತಂಡದ್ದು ಹಾಕಿದೆ. ಜಾಕೋ ಪಾಸ್ಟೋರಿಯಸ್‌ನ ಬಾಸ್ ಗಿಟಾರಿಗೆ ಮೆಟ್ಟುಗಳೇ ಇಲ್ಲ, ಸ್ವರದಿಂದ ಸ್ವರಕ್ಕೆ ಜಾರುತ್ತಾನೆ. "ಇವನಿಗೆ ಗಮಕ ಗೊತ್ತು" ಎಂಬ ಸರ್ಟಿಫಿಕೇಟು ಸಿಕ್ಕಿತು. ನನಗೂ ಈಗ ಸ್ಪೀಡಿಗಿಂತ ಈ ಜಾರುವಿಕೆಯೇ ರುಚಿ.

ಕೊನೆಗೆ 'ಜ್ಯೋತಿ'. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ ತಂದದ್ದು. ಬಾಸ್ಟನ್ನಿನ ಚಾರ್ಲಿ ಮೇರಿಯಾನೋ ಸ್ಯಾಕ್ಸೊಫೋನ್, ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಮೃದಂಗ, ಆರ್.ಎ. ರಮಾಮಣಿ ಗಾಯನ. ನಾವು ನ್ಯೂಯಾರ್ಕಿನತ್ತ ಬಾಯಿ ಬಿಟ್ಟುಕೊಂಡು ಕೂತಿದ್ದಾಗ ಫ್ಯೂಷನ್ ನಮ್ಮೂರಿನಲ್ಲೇ ಸಾಧನೆ ಮಾಡುತ್ತಿತ್ತು. ಈ ಸಲ ಇವಳು ಒಲೆ ಆರಿಸಿ ಬಂದು ಕೂತಳು. ರಮಾಮಣಿಯವರ ಸ್ವರ ಸ್ಯಾಕ್ಸೊಫೋನಿಗೆ ಎದುರಾದಾಗ ಕಣ್ಣು ಮುಚ್ಚಿದಳು. ನಾನು ಉಮೇದಿಯಲ್ಲಿ ಕಾಲು ಕುಣಿಸಿದೆ. ಕಣ್ಣು ಬಿಟ್ಟಳು.

"ಮೆಕ್‌ಲಾಫ್ಲಿನ್ ಖಂಜಿರದ ಸೆಲ್ವಗಣೇಶ್ ಜೊತೆ ಸೇರಿ ಕೊನ್ನಕೋಲು ಪಾಠದ ಡಿವಿಡಿ ತಂದಿದ್ದಾನೆ, ಗೊತ್ತಾ?" ಎಂದು ಮಾತು ಮರೆಸಿದೆ.

"ಮೊದಲು ಅದನ್ನು ತರಿಸಿ. ಅಲ್ಲೀವರೆಗೆ ಕಾಲು ಮಡಚಿ ಕೂತ್ಕೊಳ್ಳಿ."