ಕೆಂಪು ಸಿಲಿಂಡರಿನ ಮಹಿಮೆ

ನಮ್ಮ ಚಿಕ್ಕಪ್ಪ ಗುಂಡ್ಲುಪೇಟೆ ಕಡೆಯ ಹಳ್ಳಿಯೊಂದರ ಅರ್ಚಕರು. ವಿಪತ್ತು ನಿರ್ವಹಣೆಗೆ ಚಾಮರಾಜನಗರಕ್ಕೆ ಬರಬೇಕೆಂದು ಕಾಗದ ಬಂದದ್ದೇ, ಶಾಂತಿಹೋಮವೆಂದು ದರ್ಭೆ, ಸಮಿತ್ತು ಕಟ್ಟಿಕೊಂಡರು. ಚೀಲ ಹೊರಲು ನಾನು.

ಅಲ್ಲಿ ಹೋಮಕುಂಡವಿರಲಿಲ್ಲ, ತರಬೇತಿಯ ಪರದೆಯಿತ್ತು. ಅರ್ಚಕರು, ತಮ್ಮಡಿಗಳು, ಗುಡ್ಡಪ್ಪಗಳು, ಒಬ್ಬ ಮೌಲ್ವಿ, ಒಬ್ಬ ಪಾದ್ರಿ ಸಾಲಾಗಿ ಕೂತಿದ್ದರು. ಮೊದಲ ಚಿತ್ರವೇ ಸುನಾಮಿ. ಮಳೆಗೆ ಮುಗಿಲು ನೋಡುವ ನಮ್ಮ ಕಡೆಯವರು "ಅಯ್ಯೋ, ಇಷ್ಟೊಂದು ನೀರಾ!" ಎಂದು ಕೈಮುಗಿದರು.

"ತುರ್ತು ಬಾಗಿಲು ಇದೆಯಾ?" ಅಧಿಕಾರಿ ಚಿಕ್ಕಪ್ಪನನ್ನು ಕೇಳಿದರು.

"ಇದೆ ಸಾರ್, ವೈಕುಂಠದ್ವಾರ."

"ತೆಗೆದೇ ಇರುತ್ತಾ?"

"ವರ್ಷಕ್ಕೊಂದು ಸಲ, ಏಕಾದಶಿಗೆ."

"ಜನ ಅದರಲ್ಲಿ ಪಾರಾಗಬಹುದಾ?"

"ಪಾರೇನು ಸಾರ್, ಮರುಜನ್ಮವೇ ಇಲ್ಲ."

ಅಧಿಕಾರಿ ಏನೋ ಬರೆದುಕೊಂಡರು. ಅನಾಹುತವಾದರೆ ಮೈಕಿನಲ್ಲಿ ಊರಿಗೆ ಸಾರಿ ಎಂದಾಗ ಮೌಲ್ವಿಗಳು, "ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಹಾಕಬಾರದಲ್ಲ, ಅನಾಹುತ ಹನ್ನೊಂದಕ್ಕೆ ಬಂದರೆ?" ಎಂದರು. ತುರ್ತಿಗೆ ನಿಯಮದಲ್ಲೇ ವಿನಾಯಿತಿ ಇದೆಯೆಂದು ತಿಳಿದದ್ದು ಆಗಲೇ.

ಬೆಂಕಿಯ ಪಾಠಕ್ಕೆ ಯಾರೂ ನಗಲಿಲ್ಲ. 2017ರಲ್ಲಿ ಇದೇ ಊರಿನ ಚಾಮರಾಜೇಶ್ವರನ ತೇರು ಸುಟ್ಟ ಮೇಲೆ 2022ರವರೆಗೆ ಆಷಾಢದ ರಥೋತ್ಸವವೇ ನಿಂತಿತ್ತು. ಹೊಸ ಜೋಡಿಗಳಿಗೆ ಹಣ್ಣು-ಜವನ ಎಸೆಯಲು ತೇರಿರಲಿಲ್ಲ. ಪ್ರಸಾದದ ಪಾಠ ಇನ್ನೂ ಭಾರ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್‌ಗುತ್ ಮಾರಮ್ಮನ ಗುಡಿಯಲ್ಲಿ ವಿಷ ಬೆರೆಸಿದ ಪ್ರಸಾದ ತಿಂದು 17 ಜನ ಸತ್ತದ್ದು ನಮ್ಮ ಜಿಲ್ಲೆಯಲ್ಲೇ. ಹಾಗಾಗಿ "ಮೊದಲು ರುಚಿ ನೋಡಿ, ಆಮೇಲೆ ಹಂಚಿ" ಎಂದದ್ದು ಸರಿಯೇ. ಆದರೆ ಅರ್ಚಕರಿಗೆ ಕೇಳಿಸಿದ್ದು ಬೇರೆ: ದೇವರಿಗಿಂತ ಮೊದಲು ತಿನ್ನಬೇಕು! ಎಂಜಲು ನೈವೇದ್ಯವೇ ಎಂದು ಗದ್ದಲ ಎದ್ದಿತು. ಕೊನೆಗೆ ಒಬ್ಬ ಮುದಿ ತಮ್ಮಡಿ, "ದೇವ್ರಿಗೆ ತೋರ್ಸಿ, ಜನಕ್ಕೆ ಬಡ್ಸೋ ಮುಂಚೆ ನಾವೇ ಒಂದ್ ತುತ್ತು ತಿಂದ್ರಾಯ್ತು ಬುಡಿ ಬುದ್ಧಿ. ಏನಾರಾದ್ರೆ ನಮ್ಗಾಗ್ಲಿ" ಎಂದರು. ಇಡೀ ದಿನ ಅದಕ್ಕಿಂತ ಒಳ್ಳೆಯ ಮಾತು ನಾನು ಕೇಳಲಿಲ್ಲ.

ಹೊರಡುವಾಗ ಎಲ್ಲರಿಗೂ ಬೆಂಕಿ ಆರಿಸುವ ಸಿಲಿಂಡರ್ ಕೊಟ್ಟರು. ಚಿಕ್ಕಪ್ಪ ಹಿಂದೆಮುಂದೆ ನೋಡದೆ ಅದನ್ನು ಗರ್ಭಗುಡಿಯ ಪಕ್ಕ ನಿಲ್ಲಿಸಿದರು. ಆಯುಧಪೂಜೆಗೆ ಕುಂಕುಮ ಬಿತ್ತು, ಸೇವಂತಿಗೆ ಹಾರ ಬಿತ್ತು. ಎಳೆಯಬೇಕಾದ ಪಿನ್ನು ಅರಿಸಿನದಡಿ ಮಾಯವಾಯಿತು. ಈಗ ಭಕ್ತರು ಮೂರು ಸುತ್ತು ಹಾಕುತ್ತಾರೆ. ಪರೀಕ್ಷೆಯ ಮಕ್ಕಳಿಗೆ ವಿಶೇಷ ಫಲವಂತೆ.

ನೀವು ಆ ಕಡೆ ಬಂದರೆ ದಯವಿಟ್ಟು ಸಿಲಿಂಡರಿನ ಮೇಲೆ ಕರ್ಪೂರ ಹಚ್ಚಬೇಡಿ. ಕಾಣಿಕೆ ಹಾಕುವುದಿದ್ದರೆ ಹುಂಡಿ ಅದರ ಎಡಕ್ಕಿದೆ.